ಚೀನೀ ಭಾಷೆಯನ್ನು ಕಲಿಯಬಯಸುವವಳು ಬರೆಯತಕ್ಕ ವಿಜ್ಞಾಪನೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಅವರ ಹೆಣ್ಣುಮಕ್ಕಳಲ್ಲಿ ಕೆಲವರು ಸಮುದ್ರದಾಚೆಯ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವಷ್ಟು ದೊಡ್ಡವರೂ ಆಗಿದ್ದಾರೆ. ಹಾಗೆ ಅರ್ಜಿ ಹಾಕುವವಳು ಅಂಕಪಟ್ಟಿಯೊಡನೆ ಒಂದು ಬರಹವನ್ನೂ ಕಳುಹಿಸಬೇಕಾಗುತ್ತದೆ. ತಾನು ಈ ವಿಷಯವನ್ನೇ ಏಕೆ ಓದಬಯಸುತ್ತೇನೆ, ಅದಕ್ಕೆ ಎಷ್ಟರಮಟ್ಟಿಗೆ ಸಿದ್ಧಳಾಗಿದ್ದೇನೆ ಎಂಬುದನ್ನು ತನ್ನ ಮಾತಿನಲ್ಲಿಯೇ ತಿಳಿಸತಕ್ಕ ಬರಹವದು. ಅದನ್ನು ಈ ಲೇಖನದಲ್ಲಿ ವಿಜ್ಞಾಪನೆಯೆಂದು ಕರೆಯುತ್ತೇನೆ. ನಮ್ಮ ದೇಶದಲ್ಲಿ ಹೆಚ್ಚಿನ ಕಾಲೇಜುಗಳ ಬಾಗಿಲು ಅಂಕಗಳಿಂದಲೇ ತೆರೆಯುವುದರಿಂದ ಇಂಥ ಬರಹದ ರೂಢಿ ನಮಗಿಲ್ಲ. ರೂಢಿಯಿಲ್ಲದವರು ಎಲ್ಲಿ ಎಡವುತ್ತಾರೆಂಬುದನ್ನು ನಾನು ಒಬ್ಬ ಹುಡುಗಿಯ ಸಂಗಡ ಕುಳಿತು ಕಣ್ಣಾರೆ ಕಂಡೆನಾದ ಕಾರಣ ಅದನ್ನೇ ಇಲ್ಲಿ ವಿವರಿಸುವೆನು.

2025ನೆಯ ಇಸವಿಯ ಮಳೆಗಾಲದಲ್ಲಿ ನನ್ನ ಹಳೆಯ ಶಿಷ್ಯಳೊಬ್ಬಳು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹುಡುಗಿಗೆ ಹದಿನೇಳು ವರ್ಷ. ಬ್ರಿಟನ್ನಿನಲ್ಲಿ ಚೀನೀ ಭಾಷೆಯನ್ನೂ ಸಾಹಿತ್ಯವನ್ನೂ ಓದಬೇಕೆಂಬುದು ಅವಳ ಆಶೆ. “ಟೀಚರ್, ಇವಳು ಬರೆದಿರುವುದನ್ನು ಸ್ವಲ್ಪ ತಿದ್ದಿಕೊಡಿ. ಇಂಗ್ಲಿಷು ಸರಿಯಾಗಿದೆಯೋ ಇಲ್ಲವೋ ನೋಡಿ,” ಎಂದು ತಾಯಿ ಕಾಗದವನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದೆನು. ಇಂಗ್ಲಿಷಿನಲ್ಲಿ ತಿದ್ದತಕ್ಕದ್ದು ಒಂದಕ್ಷರವೂ ಇರಲಿಲ್ಲ. ಅದೇ ನನಗೆ ಸಂಶಯವನ್ನುಂಟುಮಾಡಿತು.

ಚೀನವು ಐದು ಸಾವಿರ ವರ್ಷಗಳ ನಾಗರಿಕತೆಯುಳ್ಳ ದೇಶವೆಂದು ಅದು ಆರಂಭವಾಗುತ್ತಿತ್ತು. ಮುಂದೆ, ಅಲ್ಲಿನ ವ್ಯಾಪಾರವು ಲೋಕವನ್ನೇ ಆವರಿಸಿರುವುದೆಂದೂ, ಬಾಲ್ಯದಿಂದಲೇ ತನ್ನ ಮನಸ್ಸು ಆ ಸಂಸ್ಕೃತಿಯಿಂದ ಆಕರ್ಷಿತವಾಗಿತ್ತೆಂದೂ, ಎರಡು ಮಹಾದೇಶಗಳ ನಡುವೆ ತಾನೊಂದು ಸೇತುವೆಯಾಗಬೇಕೆಂದೂ ಇತ್ತು. “ಬಾಲ್ಯದಿಂದ ಎಂದರೆ ಯಾವಾಗಿನಿಂದ, ಮಗು? ಆ ದಿವಸ ಏನಾಯಿತು?” ಎಂದು ಕೇಳಿದೆನು. ಹುಡುಗಿ ತಲೆ ತಗ್ಗಿಸಿದಳು. ಎರಡು ಸಾಲು ಹೇಳಿಕೊಟ್ಟು ಉಳಿದುದನ್ನೆಲ್ಲ ಕಂಪ್ಯೂಟರಿನ ಕೃತಕ ಬುದ್ಧಿಯಿಂದ ಬರೆಯಿಸಿದ್ದಾಗಿ ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಕೊಂಡಳು. ಅವಳನ್ನು ಗದರಿಸುವ ಮನಸ್ಸು ನನಗಾಗಲಿಲ್ಲ. ಹಿಂದೆ ಇದೇ ಕೆಲಸವನ್ನು ಯಂತ್ರದ ಬದಲು ಚಿಕ್ಕಪ್ಪನೋ ಟ್ಯೂಷನ್ ಮೇಷ್ಟರೋ ಮಾಡಿಕೊಡುತ್ತಿದ್ದರು.

ಆದರೆ ಇದರ ಅಪಾಯವನ್ನು ಪಾಲಕರು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಪದವಿ ತರಗತಿಯ ಅರ್ಜಿಗಳು ಬಹುಮಟ್ಟಿಗೆ ಯೂಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಬಂದ ವಿಜ್ಞಾಪನೆಗಳನ್ನೆಲ್ಲ ಆ ಸಂಸ್ಥೆಯವರು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. 2007ರಲ್ಲಿ ಹಾಗೆ ಹೋಲಿಸಿದಾಗ ಒಂದು ಸೋಜಿಗವು ಬಯಲಾಯಿತು. ಎಂಟನೆಯ ವಯಸ್ಸಿನಲ್ಲಿ ರಸಾಯನ ಪ್ರಯೋಗ ಮಾಡಹೋಗಿ ತನ್ನ ರಾತ್ರಿಯುಡುಪಿಗೆ ತೂತು ಸುಟ್ಟುಕೊಂಡೆನೆಂಬ ಒಂದೇ ಕಥೆಯನ್ನು 234 ಮಂದಿ ತಮ್ಮ ತಮ್ಮ ಬಾಲ್ಯದ ಕಥೆಯೆಂದು ಬರೆದಿದ್ದರು! ಇಷ್ಟು ಉಡುಪುಗಳು ಒಂದೇ ರೀತಿಯಲ್ಲಿ ಸುಡುವುದುಂಟೆ? ಯಾರೋ ಒಬ್ಬರ ಬರಹದಿಂದ ಎಲ್ಲರೂ ಎತ್ತಿಕೊಂಡಿದ್ದರು. ಯಂತ್ರವು ಬರೆದುದನ್ನು ತನ್ನದೆಂದು ಕಳುಹಿಸುವುದೂ ವಂಚನೆಯಾಗಬಹುದೆಂದು ಆ ಸಂಸ್ಥೆಯವರು ಎಚ್ಚರಿಸಿದ್ದಾರೆ. ಸಿಕ್ಕಿಬೀಳುವ ಭಯವನ್ನು ಬದಿಗಿಟ್ಟರೂ, ಆ ಕಾಗದದಲ್ಲಿದ್ದ ಮಾತುಗಳು ಯಾವ ಹುಡುಗಿಗಾದರೂ ಒಪ್ಪುತ್ತಿದ್ದವು. ಆದ್ದರಿಂದ ಈ ಹುಡುಗಿಯ ವಿಷಯದಲ್ಲಿ ಅವು ಏನನ್ನೂ ಹೇಳುತ್ತಿರಲಿಲ್ಲ.

ಬರಹದ ಅಳತೆಯನ್ನೂ ಇಲ್ಲಿಯೇ ತಿಳಿಸಿಬಿಡುತ್ತೇನೆ. ನಡುವಣ ಖಾಲಿ ಜಾಗಗಳನ್ನೂ ಸೇರಿಸಿ ಇಂಗ್ಲಿಷಿನ 4000 ಅಕ್ಷರಗಳನ್ನು ಮೀರಕೂಡದು. ಮೊದಲು ಅದು ಒಂದೇ ಓಟದ ಪ್ರಬಂಧವಾಗಿತ್ತು. 2026ರಲ್ಲಿ ಸೇರುವವರಿಂದ ಮೊದಲುಗೊಂಡು ಅದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿದ್ದಾರೆ. ಈ ವಿಷಯವನ್ನು ಏಕೆ ಓದಬಯಸುವೆ? ನಿನ್ನ ಶಾಲಾಭ್ಯಾಸವು ಇದಕ್ಕೆ ನಿನ್ನನ್ನು ಹೇಗೆ ಸಿದ್ಧಪಡಿಸಿದೆ? ಶಾಲೆಯ ಹೊರಗೆ ಮತ್ತೇನು ಮಾಡಿರುವೆ, ಅದು ಏಕೆ ಉಪಯುಕ್ತ? ಒಂದೊಂದಕ್ಕೂ ಕಡಮೆಯೆಂದರೆ 350 ಅಕ್ಷರಗಳ ಉತ್ತರವಿರಬೇಕು. ಒಬ್ಬಳು ಐದು ತರಗತಿಗಳವರೆಗೆ ಆರಿಸಿಕೊಳ್ಳಬಹುದು. ಆದರೆ ಐದಕ್ಕೂ ಹೋಗುವುದು ಒಂದೇ ವಿಜ್ಞಾಪನೆ. ಆದ ಕಾರಣ ಅದರಲ್ಲಿ ಒಂದು ವಿಶ್ವವಿದ್ಯಾನಿಲಯದ ಹೆಸರು ಹಿಡಿದು ಹೊಗಳುವುದು ಅವಿವೇಕ. ಆಕ್ಸ್‌ಫರ್ಡಿಗಾಗಲಿ ಕೇಂಬ್ರಿಜ್ಜಿಗಾಗಲಿ ಅರ್ಜಿ ಹಾಕುವವರಿಗೆ ಅಕ್ಟೋಬರ್ 15 ಕೊನೆಯ ದಿನ.

ಕಾಗದವನ್ನು ಮಡಿಸಿಟ್ಟು, “ಇದನ್ನು ಬಿಡು. ನೀನು ಮೊದಲು ನೋಡಿದ ಚೀನೀ ಅಕ್ಷರ ಯಾವುದು?” ಎಂದು ಕೇಳಿದೆನು. ಅವಳು ಯೋಚಿಸದೆಯೇ, “ಅಂಗಡಿಯ ರಟ್ಟಿನ ಪೆಟ್ಟಿಗೆಯ ಮೇಲಿನದು, ಟೀಚರ್,” ಎಂದಳು.

ಅವಳ ತಂದೆಯದು ವಿದ್ಯುತ್ ಸಾಮಾನಿನ ಅಂಗಡಿ. ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿ ಕುಳಿತು ಬಂದ ಸರಕನ್ನು ಎಣಿಸಿ ಬರೆದುಕೊಳ್ಳುತ್ತಿದ್ದಳು. ದೀಪಗಳು ಬರುತ್ತಿದ್ದ ಪೆಟ್ಟಿಗೆಗಳ ಮೇಲೆ ಒಂದು ಗಾಜಿನ ಲೋಟದ ಗುರುತು, ಒಂದು ಛತ್ರಿಯ ಗುರುತು, ಅವುಗಳ ಕೆಳಗೆ ನಾಲ್ಕು ಅಕ್ಷರಗಳು. ಅದು ಕಂಪೆನಿಯ ಹೆಸರೆಂದು ಅಂಗಡಿಯ ಆಳು ಹೇಳಿದನಂತೆ. ಆದರೆ ಬೇರೆ ಬೇರೆ ಕಂಪೆನಿಗಳ ಪೆಟ್ಟಿಗೆಗಳ ಮೇಲೆಯೂ ಅವೇ ನಾಲ್ಕು ಅಕ್ಷರಗಳಿರುವುದನ್ನು ಇವಳು ಕಂಡಳು. ಹಾಗಾದರೆ ಅದು ಹೆಸರಾಗಿರಲಾರದು! ಒಂದು ರಸೀತಿಯ ಬೆನ್ನಿನ ಮೇಲೆ ಅವುಗಳನ್ನು ಗೆರೆಗೆರೆಯಾಗಿ ನಕಲು ಮಾಡಿಕೊಂಡು ಹೋಗಿ ನಿಘಂಟಿನಲ್ಲಿ ಹುಡುಕಿದಳು. ಮೊದಲನೆಯದು ‘ಶ್ಯಾವ್’, ಅಂದರೆ ಸಣ್ಣದು. ಎರಡನೆಯದು ‘ಶಿನ್’, ಅಂದರೆ ಹೃದಯ. ಮೂರನೆಯದು ಹಗುರ, ನಾಲ್ಕನೆಯದು ಇಡು. ಸಣ್ಣ ಹೃದಯ, ಹಗುರವಾಗಿ ಇಡು.

“ಸಣ್ಣ ಮನಸ್ಸು ಎಂದರೆ ನಮ್ಮಲ್ಲಿ ಬೈಗಳಲ್ಲವೇ, ಟೀಚರ್? ಪೆಟ್ಟಿಗೆಯ ಮೇಲೆ ಯಾರನ್ನು ಬೈದಿದ್ದಾರೆಂದು ನನಗೆ ಅರ್ಥವಾಗಲಿಲ್ಲ,” ಎಂದು ಅವಳು ನಕ್ಕಳು. ಆ ಎರಡು ಅಕ್ಷರಗಳು ಕೂಡಿದರೆ ಚೀನೀ ಭಾಷೆಯಲ್ಲಿ ಜೋಕೆ, ಎಚ್ಚರಿಕೆ ಎಂದರ್ಥ. ಸಣ್ಣದು, ಮನಸ್ಸು ಎಂಬ ಎರಡೇ ಮಾತುಗಳನ್ನು ಎರಡು ಜನಾಂಗಗಳು ಜೋಡಿಸಿದರು. ಒಬ್ಬರಿಗೆ ಅದು ಕೃಪಣತೆಯಾಯಿತು, ಇನ್ನೊಬ್ಬರಿಗೆ ಜಾಗ್ರತೆಯಾಯಿತು. ಅಂದಿನಿಂದ ಅವಳು ಒಂದು ಬಿಲ್ಲು ಪುಸ್ತಕದ ಖಾಲಿ ಹಾಳೆಗಳಲ್ಲಿ ಪೆಟ್ಟಿಗೆಗಳ ಅಕ್ಷರಗಳನ್ನು ಬರೆದಿಟ್ಟುಕೊಳ್ಳುತ್ತ ಬಂದಿದ್ದಳು. ಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚಾಗಿದ್ದವು. ಇದೊಂದೂ ಆ ಕಾಗದದಲ್ಲಿರಲಿಲ್ಲ! ಏಕೆಂದು ಕೇಳಿದರೆ, “ಇದು ಓದಿನ ವಿಷಯವಲ್ಲವಲ್ಲ,” ಎಂದಳು.

ಮೊದಲನೆಯ ಪ್ರಶ್ನೆಗೆ ಉತ್ತರವು ಇದೇ ಎಂದು ನಾನು ಹೇಳಿದೆನು. ವಿಜ್ಞಾಪನೆಯನ್ನು ಓದುವವರು ಚೀನೀ ಭಾಷೆಯಲ್ಲಿಯೇ ಆಯುಷ್ಯವನ್ನು ಕಳೆದಿರುವ ಅಧ್ಯಾಪಕರು. ಚೀನವು ಹಳೆಯ ದೇಶವೆಂದು ಅವರಿಗೆ ತಿಳಿಸಬೇಕಾದ ಅವಶ್ಯವಿಲ್ಲ. ಹುಡುಗಿಯೊಬ್ಬಳು ಒಂದು ವಸ್ತುವನ್ನು ನೋಡಿ, ಹೇಳಿದ್ದನ್ನು ನಂಬದೆ ಪರೀಕ್ಷಿಸಿ, ತಪ್ಪು ಅರ್ಥ ಮಾಡಿಕೊಂಡು, ಆ ತಪ್ಪಿನಿಂದಲೇ ಒಂದು ಒಳ್ಳೆಯ ಪ್ರಶ್ನೆಗೆ ಬಂದಳೆಂಬುದು ಅವರಿಗೆ ಹೊಸ ವಾರ್ತೆ.

ಮರುವಾರ ಹೊಸ ಬರಹವನ್ನು ತಂದಳು. ಪೆಟ್ಟಿಗೆಯ ಕಥೆ ಚೆನ್ನಾಗಿಯೇ ಬಂದಿತ್ತು. ಆದರೆ ಅದರ ಬೆನ್ನಿಗೆ, ಚೀನೀ ಅಕ್ಷರಗಳೆಲ್ಲ ಚಿತ್ರಗಳಾಗಿದ್ದು ಒಂದೊಂದು ಚಿತ್ರವೂ ಒಂದು ಭಾವವನ್ನು ಹೇಳುತ್ತದೆಂದು ಬರೆದಿದ್ದಳು. ನನಗೆ ಚೀನೀ ಭಾಷೆ ಬಾರದು. ಆದಾಗ್ಯೂ ‘ಎಲ್ಲ’ ಎಂಬ ಮಾತು ಕಂಡಲ್ಲಿ ನಿಲ್ಲುವುದು ಉಪಾಧ್ಯಾಯಿನಿಯರ ಹಳೆಯ ಚಾಳಿ. “ನಿನ್ನ ಪುಸ್ತಕವನ್ನು ತೆಗೆ. ಇದು ನಿಜವೋ ಎಂದು ಎಣಿಸಿಯೇ ನೋಡೋಣ,” ಎಂದೆನು.

ಎಣಿಸಹೊರಟಾಗ ಆ ಮಾತು ನಿಲ್ಲಲಿಲ್ಲ. ತಾಯಿ ಎಂಬುದಕ್ಕೆ ‘ಮಾ’ ಎಂದು ಒಂದು ಅಕ್ಷರವಿದೆ. ಅದರ ಎಡಭಾಗದಲ್ಲಿ ಹೆಂಗಸು, ಬಲಭಾಗದಲ್ಲಿ ಕುದುರೆ! ತಾಯಿಗೂ ಕುದುರೆಗೂ ಏನು ಸಂಬಂಧ? ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಕುದುರೆಗೆ ಚೀನೀ ಭಾಷೆಯಲ್ಲಿ ಬೇರೊಂದು ಸ್ವರದ ‘ಮಾ’ ಎಂದು ಹೆಸರಿರುವುದರಿಂದ ಅದು ಕೇವಲ ಉಚ್ಚಾರಣೆಯನ್ನು ಸೂಚಿಸಲು ಅಲ್ಲಿ ನಿಂತಿದೆ. ಹೆಂಗಸು ಎಂಬ ಭಾಗವು ಅರ್ಥದ ಜಾತಿಯನ್ನು ಹೇಳಿದರೆ, ಕುದುರೆಯೆಂಬ ಭಾಗವು ಧ್ವನಿಯನ್ನು ಹೇಳುತ್ತದೆ. ಚೀನೀ ಅಕ್ಷರಗಳಲ್ಲಿ ಬಹುಪಾಲು ಹೀಗೆಯೇ ಅರ್ಥಭಾಗ, ಧ್ವನಿಭಾಗಗಳ ಜೋಡಣೆಯಾಗಿವೆ. ಶುದ್ಧ ಚಿತ್ರದಿಂದ ಹುಟ್ಟಿದವು ಕೆಲವೇ. ಈ ಭೇದವನ್ನು ಕ್ರಿಸ್ತಶಕ 100ರ ಸುಮಾರಿಗೆ ಷೂ ಷೆನ್ ಎಂಬ ಪಂಡಿತನು 9,353 ಅಕ್ಷರಗಳ ತನ್ನ ಕೋಶದಲ್ಲಿ ಆಗಲೇ ತೋರಿಸಿಕೊಟ್ಟಿದ್ದನು.

ಅವಳ ಪುಸ್ತಕದಲ್ಲಿಯೇ ಇನ್ನೊಂದು ಜೋಡಿಯಿತ್ತು. ನಾಶವೆಂಬ ಅರ್ಥದ ‘ವಾಂಗ್’ ಎಂಬ ಗುರುತನ್ನು ಹೃದಯದ ಮೇಲಿಟ್ಟರೆ ಮರೆಯುವುದು ಎಂದಾಗುತ್ತದೆ. ಅದೇ ಹೃದಯವನ್ನು ಒತ್ತಿ ಎಡಕ್ಕೆ ನಿಲ್ಲಿಸಿ, ಅದೇ ಗುರುತನ್ನು ಬಲಕ್ಕಿಟ್ಟರೆ ‘ಮಾಂಗ್’, ಅಂದರೆ ಬಿಡುವಿಲ್ಲದ ಕೆಲಸ. ಬಿಡುವಿಲ್ಲದವನ ಹೃದಯವು ಸಾಯುತ್ತದೆಂದು ಚೀನೀಯರು ಕಂಡುಕೊಂಡಿದ್ದರೆಂಬ ವ್ಯಾಖ್ಯಾನವನ್ನು ಅವಳು ಎಲ್ಲಿಯೋ ಓದಿ ಮೆಚ್ಚಿದ್ದಳು. ಅಂದವಾದ ಮಾತೇ. ಆದರೆ ಆ ಗುರುತು ಎರಡು ಕಡೆಯೂ ಮುಖ್ಯವಾಗಿ ಧ್ವನಿಗಾಗಿ ಬಂದದ್ದು. ಇಷ್ಟವಾದ ಕಥೆಯನ್ನು ಬಿಟ್ಟುಕೊಡುವುದು ಅವಳಿಗೆ ಕಷ್ಟವೇ ಆಯಿತು. ಒಂದು ದಿನ ಸುಮ್ಮನಿದ್ದು, ಕೊನೆಗೆ ಹೀಗೆ ಬರೆದಳು: ಈ ಅಕ್ಷರಗಳು ಚಿತ್ರಗಳೆಂದು ಮೊದಲು ನಂಬಿದ್ದೆನು, ನನ್ನ ಪುಸ್ತಕವನ್ನೇ ಎಣಿಸಿದಾಗ ಆ ನಂಬಿಕೆ ತಪ್ಪೆಂದು ಕಂಡಿತು, ಧ್ವನಿಭಾಗಗಳು ಇಂದಿನ ಉಚ್ಚಾರಣೆಗೆ ಕೆಲವೆಡೆ ಹೊಂದದಿರುವುದೇಕೆ ಎಂಬುದನ್ನು ಕಲಿಯಬಯಸುತ್ತೇನೆ. ಮೂರು ವಾಕ್ಯಗಳು. ಆ ಇಡೀ ವಿಜ್ಞಾಪನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗ ಇದು.

ಎರಡನೆಯ ಪ್ರಶ್ನೆಗೆ ಅವಳು ಅಂಕಗಳನ್ನು ತುಂಬಿಸಿದ್ದಳು. ಅಂಕಗಳು ಅರ್ಜಿಯ ಬೇರೊಂದು ಭಾಗದಲ್ಲಿ ಹೇಗೂ ಇರುತ್ತವೆ. ಇಲ್ಲಿ ಬೇಕಾದದ್ದು ಪಾಠದಿಂದ ಹುಟ್ಟಿದ ಆಲೋಚನೆ. ಅವಳಿಗೆ ಕನ್ನಡ, ಹಿಂದಿ, ಇಂಗ್ಲಿಷು ಬರುತ್ತವೆ. ಮೂರು ಲಿಪಿಗಳನ್ನು ಬರೆಯುತ್ತಾಳೆ. ನಮ್ಮ ಹುಡುಗಿಯರು ಇದನ್ನು ಒಂದು ಗುಣವೆಂದೇ ಎಣಿಸುವುದಿಲ್ಲ. ಆದರೆ ಬರಿದೇ ‘ನನಗೆ ಮೂರು ಭಾಷೆ ಬರುತ್ತದೆ’ ಎಂದರೆ ಸಾಲದು, ಅದರಿಂದ ಕಂಡದ್ದೇನೆಂದು ಹೇಳಬೇಕು.

ವಾಚನಾಲಯದಿಂದ ತಂದ ಇಂಗ್ಲಿಷ್ ಅನುವಾದದಲ್ಲಿ ಅವಳು ಲೂ ಷುನ್ ಎಂಬ ಲೇಖಕನು 1918ರಲ್ಲಿ ಪ್ರಕಟಿಸಿದ ‘ಹುಚ್ಚನ ದಿನಚರಿ’ ಎಂಬ ಕಥೆಯನ್ನು ಓದಿದ್ದಳು. ಅದರ ಮುನ್ನುಡಿಯು ಹಳೆಯ ಗ್ರಾಂಥಿಕ ಚೀನೀ ಭಾಷೆಯಲ್ಲಿಯೂ, ದಿನಚರಿಯು ಆಡುನುಡಿಗೆ ಹತ್ತಿರವಾದ ಹೊಸ ಭಾಷೆಯಲ್ಲಿಯೂ ಇದೆಯೆಂದು ಅನುವಾದಕರು ತಿಳಿಸಿದ್ದರು. ಇಂಗ್ಲಿಷಿನಲ್ಲಿ ಆ ಭೇದವು ಬಹಳ ಮಟ್ಟಿಗೆ ಮಾಯವಾಗಿತ್ತು. ಹಳಗನ್ನಡದ ಪದ್ಯವನ್ನು ತರಗತಿಯಲ್ಲಿ ಓದಿ, ಮನೆಗೆ ಬಂದು ಬೇರೊಂದು ಕನ್ನಡವನ್ನು ಆಡುವ ಹುಡುಗಿಗೆ ಆ ಭೇದದ ಬೆಲೆ ಗೊತ್ತು. ಹುಚ್ಚನ ಮಾತು ಹೊಸ ಭಾಷೆಯಲ್ಲಿಯೂ, ಅವನು ಗುಣಹೊಂದಿದನೆಂದು ತಿಳಿಸುವ ಮುನ್ನುಡಿ ಹಳೆಯ ಭಾಷೆಯಲ್ಲಿಯೂ ಇರುವುದು ಏಕೆಂಬುದನ್ನು ಮೂಲದಲ್ಲಿಯೇ ಓದಿ ತಿಳಿಯಬೇಕೆಂದು ಅವಳು ಬರೆದಳು. ಇದು ಅವಳ ಮನಸ್ಸಿನಲ್ಲಿ ಮೊದಲೇ ಇತ್ತು. ಕೇಳುವವರಿರಲಿಲ್ಲ, ಅಷ್ಟೇ.

ನಮ್ಮ ನಾಡಿಗೆ ಸೇರಿದ ಒಂದು ಸಂಗತಿಯೂ ಅವಳ ಕೈಗೆ ಸಿಕ್ಕಿತ್ತು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಬರೆಯುತ್ತಿದ್ದ ಯಾತ್ರಿಕ ಷ್ವಾನ್‌ಜಾಂಗನು 645ರಲ್ಲಿ ಚೀನಕ್ಕೆ ಹಿಂದಿರುಗಿದನು. ಮರುವರ್ಷ ಮುಗಿದ ಅವನ ವೃತ್ತಾಂತದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ಪ್ರಸ್ತಾಪವಿದೆ. ಪರೀಕ್ಷೆಗೆ ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಇವಳಾದರೋ ಆ ಹೆಸರು ಮೂಲದಲ್ಲಿ ಹೇಗಿದೆಯೆಂದು ಹುಡುಕಿದಳು. ಅಲ್ಲಿ ನಾಲ್ಕು ಅಕ್ಷರಗಳು; ಇಂದಿನ ಉಚ್ಚಾರಣೆಯಲ್ಲಿ ಬು-ಲುವೊ-ಜಿ-ಷೆ. ಒಂದೊಂದರ ಅರ್ಥವನ್ನು ತೆಗೆದರೆ ತೇಪೆ, ಬಲೆ, ವಿಚಾರಣೆ, ಮನೆ! ಹರ್ಷನಿಗೆ ಮಣಿಯದ ಚಕ್ರವರ್ತಿಯ ಹೆಸರು ಹೀಗಾಯಿತಲ್ಲಾ ಎಂದು ನಾವಿಬ್ಬರೂ ನಕ್ಕೆವು. ಅಲ್ಲಿ ಅರ್ಥಕ್ಕೆ ಕೆಲಸವೇ ಇಲ್ಲ, ಅಕ್ಷರಗಳು ಧ್ವನಿಗಾಗಿ ಮಾತ್ರ ನಿಂತಿವೆ. ಚಿತ್ರವೆಂಬ ಅವಳ ಹಳೆಯ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರವೆಲ್ಲಿದೆ? ಆದರೆ ನಮ್ಮ ಅರಸನೆಂಬ ಅಭಿಮಾನದ ಎರಡು ವಾಕ್ಯಗಳನ್ನು ಮಾತ್ರ ತೆಗೆಯಿಸಿದೆನು. ಅದು ಬೇರೆ ಪ್ರಬಂಧಕ್ಕೆ ಸಲ್ಲುತ್ತದೆ.

ಚೀನೀ ಕಲಿಯುವುದಕ್ಕೆ ಬ್ರಿಟನ್ನಿಗೇಕೆ ಹೋಗಬೇಕೆಂದು ಪಾಲಕರು ಕೇಳಬಹುದು. ಈ ತಾಯಿಯೂ ಕೇಳಿದಳು. ಆ ವಿದ್ಯೆ ಅಲ್ಲಿ ಬೇರುಬಿಟ್ಟು ಬಹಳ ಕಾಲವಾಗಿದೆ. ಅದರ ಮೂಲದಲ್ಲಿ ನಮಗೂ ಪರಿಚಿತವಾದ ಒಂದು ಹೆಸರುಂಟು. ಲಂಡನ್ ಮಿಶನಿನವರು ರಾಬರ್ಟ್ ಮಾರಿಸನ್ನನನ್ನು ಚೀನಕ್ಕೆ ಕಳುಹಿಸಿದರು; ಅವನು 1807ರಲ್ಲಿ ಕ್ಯಾಂಟನ್ ಪಟ್ಟಣವನ್ನು ಮುಟ್ಟಿ, 1815ರಿಂದ 1823ರವರೆಗೆ ತನ್ನ ಚೀನೀ ನಿಘಂಟನ್ನು ಅಚ್ಚುಹಾಕಿಸಿದನು. ಅದೇ ಮಿಶನಿನ ಜಾನ್ ಹ್ಯಾಂಡ್ಸನು 1810ರಲ್ಲಿ ನಮ್ಮ ಬಳ್ಳಾರಿಗೆ ಬಂದು ಕನ್ನಡ ಕಲಿಯುವುದಕ್ಕೆ ಕುಳಿತನು. ಅದೇ ಮಿಶನಿನವನಾಗಿದ್ದ ಜೇಮ್ಸ್ ಲೆಗ್ ಎಂಬಾತನು 1876ರಲ್ಲಿ ಆಕ್ಸ್‌ಫರ್ಡಿನಲ್ಲಿ ಚೀನೀ ಭಾಷೆಯ ಮೊದಲನೆಯ ಪ್ರಾಧ್ಯಾಪಕನಾದನು. ಕೇಂಬ್ರಿಜ್ಜಿನಲ್ಲಿ 1888ರಲ್ಲಿ ಥಾಮಸ್ ವೇಡನು ಆ ಪೀಠವನ್ನೇರಿದನು. ಈಗ ಈ ಪದವಿಯು ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಅದರಲ್ಲಿ ಒಂದು ವರ್ಷವನ್ನು ಚೀನದಲ್ಲಿಯೋ ತೈವಾನಿನಲ್ಲಿಯೋ ಕಳೆಯಿಸುವ ಪದ್ಧತಿ ಅನೇಕ ಕಡೆ ಇದೆ. ಮೊದಲೇ ಭಾಷೆ ಬಂದಿರಬೇಕೆಂಬ ನಿಯಮವೂ ಹಲವೆಡೆ ಇಲ್ಲ, ಮೊದಲ ಅಕ್ಷರದಿಂದ ಹೇಳಿಕೊಡುತ್ತಾರೆ. ಚೀನ ಸರಕಾರವು 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,105 ಅಕ್ಷರಗಳಿವೆ, ನಿತ್ಯೋಪಯೋಗದವೇ 3,500. ನೂರು ಬಲ್ಲವಳು ಹೆಚ್ಚು ಬಲ್ಲೆನೆಂದು ಹೇಳಿಕೊಳ್ಳುವಂತಿಲ್ಲ. ನೂರನ್ನು ಹೇಗೆ ಕಲಿತೆನೆಂದು ಹೇಳಬಹುದು.

ಮೂರನೆಯ ಪ್ರಶ್ನೆ ಸುಲಭ. ಈಜು, ಕ್ವಿಜ್, ನೃತ್ಯಗಳ ಪ್ರಶಸ್ತಿಪತ್ರಗಳನ್ನೆಲ್ಲ ಸಾಲಾಗಿ ಬರೆಯುವ ಆಶೆಯನ್ನು ಬಿಟ್ಟರಾಯಿತು. ಅಲ್ಲಿ ‘ಏಕೆ ಉಪಯುಕ್ತ’ ಎಂಬುದೇ ಪ್ರಶ್ನೆಯ ಜೀವ. ಚೀನೀ ಭಾಷೆಯಲ್ಲಿ ನಾಲ್ಕು ಸ್ವರಭೇದಗಳುಂಟು. ಒಂದೇ ‘ಮಾ’ ಸ್ವರ ಬದಲಾದರೆ ಬೇರೆ ಮಾತಾಗುತ್ತದೆ. ಹುಡುಗಿ ತನ್ನ ದನಿಯನ್ನು ಫೋನಿನಲ್ಲಿ ಹಿಡಿದು, ಚೀನೀಯರ ದನಿಯೊಡನೆ ಹೋಲಿಸಿ, ದಿನಾಲು ಕಾಲು ಗಂಟೆ ಅಭ್ಯಾಸ ಮಾಡುತ್ತಿದ್ದಳು. “ಏನೇ ಅದು, ಆಡಿನ ಮರಿಯ ಹಾಗೆ!” ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದರಂತೆ. ಶಾಲೆಯ ಗಾಯನಮಂಡಲಿಯಲ್ಲಿ ಹಾಡಿದ್ದರಿಂದ ಸ್ವರಗಳು ತನಗೆ ತಾನಾಗಿಯೇ ಬಂದವೆಂದು ಮೊದಲು ಬರೆದಿದ್ದಳು. “ಬಂದವೇ?” ಎಂದೆನು. “ಇಲ್ಲ ಟೀಚರ್, ಎರಡನೆಯದೂ ಮೂರನೆಯದೂ ಇನ್ನೂ ಕಲಸಿಹೋಗುತ್ತವೆ,” ಎಂದಳು. ಹಾಗೆಯೇ ಬರೆದಳು. ಅಜ್ಜಿಗೆ ಮಾತ್ರ ಅದರಲ್ಲಿ ಸ್ಥಳ ಸಿಕ್ಕಲಿಲ್ಲ, ಅಕ್ಷರಗಳ ಲೆಕ್ಕ ಮೀರುತ್ತಿತ್ತು.

ಇನ್ನು ಒಂದು ತೊಡಕು ಉಳಿದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ತಾಯಿ ಒಬ್ಬಳೇ ಬಂದು ಬಾಗಿಲ ಹತ್ತಿರವೇ ನಿಂತು, “ಟೀಚರ್, ಬರಹವೇನೋ ಚೆನ್ನಾಗಿದೆ. ಆ ಅಂಗಡಿಯ ಮಾತೊಂದನ್ನು ತೆಗೆಸಿಬಿಡಿ. ದೊಡ್ಡವರ ಮಕ್ಕಳು ಪರದೇಶ ಸುತ್ತಿ ಬಂದುದನ್ನು ಬರೆಯುತ್ತಾರೆ. ನಮ್ಮವಳು ರಟ್ಟಿನ ಪೆಟ್ಟಿಗೆ ಎಣಿಸಿದೆನೆಂದು ಬರೆದರೆ ಏನೆಂದುಕೊಂಡಾರು?” ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. ಮನೆಯ ಒಡವೆಯನ್ನೂ ಒಂದು ನಿವೇಶನವನ್ನೂ ಲೆಕ್ಕ ಹಾಕಿ ಮಗಳನ್ನು ಕಳುಹಿಸಹೊರಟಿದ್ದ ತಾಯಿ ಆಕೆ. ಒಂದು ವಾಕ್ಯದಿಂದ ಎಲ್ಲ ಕೆಟ್ಟೀತೆಂಬ ಭಯ ಅವಳದು. ನಾನು ಉತ್ತರ ಹೇಳಲಿಲ್ಲ. ಬರೆದವಳು ಮಗಳು, ತೆಗೆಯುವವಳೂ ಅವಳೇ ಆಗಬೇಕೆಂದು ಮಾತ್ರ ಹೇಳಿ ಕಳುಹಿಸಿದೆನು.

ಆ ರಾತ್ರಿ ಮನೆಯಲ್ಲಿ ಏನು ನಡೆಯಿತೆಂಬುದನ್ನು ಹುಡುಗಿ ಆಮೇಲೆ ತಿಳಿಸಿದಳು. ತಂದೆ ಎಲ್ಲವನ್ನೂ ಕೇಳಿಸಿಕೊಂಡು ಊಟ ಮುಗಿಸಿ ಅಂಗಡಿಗೆ ಹೋದರಂತೆ. ಹಿಂದಿರುಗುವಾಗ ಅವರ ಕೈಯಲ್ಲಿ ಹಳೆಯ ಪೆಟ್ಟಿಗೆಯೊಂದರಿಂದ ಕತ್ತರಿಸಿದ ರಟ್ಟಿನ ತುಂಡಿತ್ತು. ಅದರ ಮೇಲೆ ಆ ನಾಲ್ಕು ಅಕ್ಷರಗಳು. ಇಷ್ಟು ವರ್ಷ ಈ ಪೆಟ್ಟಿಗೆಗಳನ್ನು ಇಳಿಸಿದ್ದೇನೆ, ಇದರಲ್ಲಿ ಏನು ಬರೆದಿದೆಯೆಂದು ನನಗೆ ಹೇಳಿದವಳು ನನ್ನ ಮಗಳೇ ಎಂದು ಹೆಂಡತಿಗೆ ಹೇಳಿ ಮಲಗಿದರಂತೆ.

ವಾಕ್ಯವು ಉಳಿಯಿತು. ಅಕ್ಟೋಬರ್ 13ರಂದು ಅರ್ಜಿ ಹೋಯಿತು. ಆರಿಸಿಕೊಂಡ ಐದರಲ್ಲಿ ಒಂದರಿಂದ ಆಗುವುದಿಲ್ಲವೆಂದು ಉತ್ತರ ಬಂತು. ಇನ್ನೊಂದರವರು ದೂರದಿಂದಲೇ ತೆರೆಯ ಮೇಲೆ ಅವಳೊಡನೆ ಅರ್ಧ ಗಂಟೆ ಮಾತನಾಡಿದರು. ಅವಳು ಎಂದೂ ನೋಡದ ಒಂದು ಅಕ್ಷರವನ್ನು ತೋರಿಸಿ, ಇದರಲ್ಲಿ ಧ್ವನಿಭಾಗ ಯಾವುದಿರಬಹುದೆಂದು ಕೇಳಿದರಂತೆ. ಅವಳು ಎಡದ್ದೆಂದಳು, ಅದು ತಪ್ಪಾಗಿತ್ತು. ಏಕೆ ಹಾಗೆ ಊಹಿಸಿದೆಯೆಂದು ಕೇಳಿದಾಗ ತನ್ನ ಬಿಲ್ಲು ಪುಸ್ತಕದ ಎಣಿಕೆಯನ್ನು ವಿವರಿಸಿದಳು. ಅಲ್ಲಿಂದ ಸ್ಥಳ ಕೊಟ್ಟಿರುವುದಾಗಿ ಪತ್ರ ಬಂದಿದೆ. ಹಣದ ಲೆಕ್ಕವನ್ನು ತಂದೆತಾಯಿಗಳು ಇನ್ನೂ ಮಾಡುತ್ತಿದ್ದಾರೆ.